ಲೆಕ್ಕ ತೆರೆದು ನೋಡಿದವರು ಒಂದು ಮಾತು ಹೇಳಬೇಡವೇ?

ನಾನು ತುಮಕೂರಿನಲ್ಲಿ ತೆರಿಗೆ ಸಲಹೆಗಾರ. ಕಿರಾಣಿ, ಬೇಕರಿ, ಹಾರ್ಡ್‌ವೇರ್ ಅಂಗಡಿಯವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಜನ ತೆರಿಗೆ ಕಟ್ಟದೆ ಹೋದರೆ ಮೊದಲು ಬಾಗಿಲು ಹಾಕಬೇಕಾದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರೆಯುವುದನ್ನು ಓದಿ, ತೆರಿಗೆ ತಪ್ಪಿಸುವವರ ಪರ ವಕಾಲತ್ತು ವಹಿಸುತ್ತಿದ್ದಾನೆ ಎಂದು ಯಾರಾದರೂ ಅಂದುಕೊಳ್ಳುವುದು ಬೇಡ. ವ್ಯಾಪಾರ ಮಿತಿ ದಾಟಿದವರು ನೋಂದಣಿ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಅದರಲ್ಲಿ ಎರಡು ಮಾತಿಲ್ಲ.

2025ರ ಜುಲೈನಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. 2021-22ರಿಂದ 2024-25ರವರೆಗಿನ ಲೆಕ್ಕ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎನ್ನುವುದು ಇಲಾಖೆಯ ವಾದ, ಅದು ಕಾನೂನೂ ಹೌದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಬಂದ ಸುದ್ದಿ ಎರಡೇ ದಿನದಲ್ಲಿ ರಾಜ್ಯವೆಲ್ಲ ಸುತ್ತಿತು. ಬೆಂಗಳೂರಿನ ಟೀ ಅಂಗಡಿ, ಬೇಕರಿಗಳ ಗಲ್ಲಾ ಮುಂದಿನ ಸ್ಕ್ಯಾನರ್ ಮಾಯವಾಗಿ, ಆ ಜಾಗದಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಬರೆದ ರಟ್ಟು ಬಂದು ಕೂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನಕ್ಕವರೂ ಇದ್ದರು. ವ್ಯಾಪಾರಿಗಳು 25ಕ್ಕೆ ಬಂದ್ ಎಂದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಾಲು, ತರಕಾರಿ, ಹಣ್ಣು, ಮಾಂಸದಂಥ ತೆರಿಗೆ ಇಲ್ಲದ ವಸ್ತು ಮಾರುವವರ ನೋಟಿಸು ಕೈಬಿಡುತ್ತೇವೆ, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ಕೇಳುವುದಿಲ್ಲ ಎಂದರು. ಬಂದ್ ನಿಂತಿತು. ರಾಜ್ಯದವರು ದೆಹಲಿಯತ್ತ, ದೆಹಲಿಯವರು ವಿಧಾನಸೌಧದತ್ತ ಬೆರಳು ತೋರಿಸಿದ್ದಷ್ಟೇ ಉಳಿಯಿತು.

ಬಾಕಿಯ ಪ್ರಶ್ನೆ ಹೀಗೆ ರಾಜಿಯಲ್ಲಿ ಮುಗಿಯಿತು. ಅದರ ಜೊತೆ ಇನ್ನೊಂದು ಪ್ರಶ್ನೆಯೂ ಸದ್ದಿಲ್ಲದೆ ಮುಗಿದುಹೋಯಿತು. ನನಗೆ ಅದನ್ನು ನೆನಪು ಮಾಡಿದ್ದು ಯಾವ ಕಾನೂನು ಪಂಡಿತರೂ ಅಲ್ಲ, ನಮ್ಮ ರಿಂಗ್ ರಸ್ತೆ ಬದಿಯ ಕಾಂಡಿಮೆಂಟ್ಸ್ ಅಂಗಡಿಯವರು. ಆ ಗಲಾಟೆಯ ವಾರದಲ್ಲಿ ಆಫೀಸಿಗೆ ಬಂದು ಕುರ್ಚಿ ತುದಿಯಲ್ಲಿ ಕೂತರು.

‘ಸಾರ್, ಸ್ಕ್ಯಾನರ್ ಕಿತ್ತಾಕ್ಬಿಡ್ಲಾ?’

‘ಯಾಕ್ರೀ, ನೋಟಿಸ್ ಬಂತಾ?’

‘ಬಂದಿಲ್ಲ ಸಾರ್. ಆದ್ರೂ ಒಂದ್ ಮಾತು. ನಮ್ ಫೋನ್‌ಪೇ ಲೆಕ್ಕ ಅವ್ರಿಗೆ ಕೊಟ್ಟೋರ್ಯಾರು? ನಾನಂತೂ ಕೊಟ್ಟಿಲ್ಲ.’

ಕೊಟ್ಟವರು ಯಾರು ಎಂದು ಹೇಳುವ ಮೊದಲು, ಕೊಟ್ಟರೆ ಏನೇನು ಹೋಗಬಹುದು ನೋಡೋಣ ಎಂದು ಅವರದೇ ಒಂದು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿದೆ. ಮೇಜಿನ ಮೇಲೆ ಒಂದು ಕಟ್ಟು ಕಾಗದ. ಬೆಳಿಗ್ಗೆ ಐದೂಮುಕ್ಕಾಲಿನಿಂದಲೇ ಶುರು: 24 ರೂಪಾಯಿ, 24, 48, ಮತ್ತೆ 24. ಅರ್ಧ ಲೀಟರಿನ ನಂದಿನಿ ನೀಲಿ ಪ್ಯಾಕೆಟ್ಟಿನ ಆಗಿನ ಬೆಲೆ ಅದು. ಎಂಟರ ಮೇಲೆ ಬ್ರೆಡ್ಡು, ಬನ್ನು. ಹನ್ನೊಂದರ ಹೊತ್ತಿಗೆ ಪಕ್ಕದ ಗ್ಯಾರೇಜಿನ ಹುಡುಗರ ಟೀ. ನಡುವೆ ಇದ್ದಕ್ಕಿದ್ದಂತೆ 5,000. ‘ಇದೇನು?’ ಎಂದೆ. ‘ಚೀಟಿ ಕಂತು ಸಾರ್, ನಮ್ಮ ಚೀಟಿ ಗುಂಪಿನದು, ದುಡ್ಡು ನನ್ ಹತ್ರ ಕಲೆಕ್ಟ್ ಆಗುತ್ತೆ.’ ಅದರ ಕೆಳಗೆ 2,000. ಆಟೊದವರೊಬ್ಬರು ಫೋನ್‌ಪೇ ಮಾಡಿ ಕೈಗೆ ನೋಟು ಇಸಿದುಕೊಂಡು ಹೋದದ್ದು. ಎಟಿಎಂ ದೂರವಿರುವ ಬೀದಿಯಲ್ಲಿ ಕಾಂಡಿಮೆಂಟ್ಸ್ ಅಂಗಡಿಯೇ ಎಟಿಎಂ. ಆಮೇಲೆ 30,000, ಮಗಳ ಹಾಸ್ಟೆಲ್ ಫೀಸಿಗೆ ಭಾವಮೈದುನ ಕಳಿಸಿದ ಕೈಸಾಲ. ಕಾಗದದ ಮೇಲೆ ಎಲ್ಲದಕ್ಕೂ ಹೆಸರು ಒಂದೇ, ‘ಜಮೆ’. ಹಾಲೂ ಜಮೆ, ಸಾಲವೂ ಜಮೆ, ಚೀಟಿಯೂ ಜಮೆ. ಒಟ್ಟು ಕೂಡಿದರೆ ವ್ಯಾಪಾರಕ್ಕಿಂತ ದೊಡ್ಡದಾದ ಒಂದು ಅಂಕಿ ಬರುತ್ತದೆ. ಅಂಕಿ ಸುಳ್ಳು ಹೇಳುವುದಿಲ್ಲ ಎನ್ನುವವರು ಒಮ್ಮೆ ಇಂಥ ಕಟ್ಟಿನ ಮುಂದೆ ಕೂರಬೇಕು.

ಇಲ್ಲಿ ತೆರಿಗೆಯ ಇನ್ನೊಂದು ಸೂಕ್ಷ್ಮವಿದೆ. ಹಾಲು ಮಾತ್ರ ಮಾರುವವರಿಗೆ, ಎಷ್ಟೇ ಕೋಟಿ ಮಾರಿದರೂ, ನೋಂದಣಿಯ ಗೋಜಿಲ್ಲ. ಆದರೆ ಹಾಲಿನ ಕ್ರೇಟಿನ ಪಕ್ಕ ಒಂದು ಬಿಸ್ಕತ್ತಿನ ಡಬ್ಬ ಇಟ್ಟರೋ, ಆಗ 40 ಲಕ್ಷದ ಮಿತಿ ಅಳೆಯುವಾಗ ಹಾಲಿನ ವ್ಯಾಪಾರವೂ ಅದರೊಳಗೆ ಸೇರುತ್ತದೆ. ಒಂದು ಪ್ಯಾಕೆಟ್ ಹಾಲಿನಲ್ಲಿ ಉಳಿಯುವುದು ಪೈಸೆ ಲೆಕ್ಕದ ಕಮಿಷನ್. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಯೋಜನೆಯನ್ನು ಮುಂಚೆಯೇ ಆರಿಸಿಕೊಂಡಿದ್ದರೆ ತೆರಿಗೆ ಇರುವ ಮಾರಾಟದ ಮೇಲೆ ಶೇ 1 ಕಟ್ಟಿ ನೆಮ್ಮದಿಯಾಗಿರಬಹುದಿತ್ತು. ಕಳೆದುಹೋದ ವರ್ಷಕ್ಕೆ ಈಗ ಕಾಂಪೊಸಿಷನ್ ಸಿಗುವುದಿಲ್ಲ. ಹಾಗಾಗಿ ಹಿಂದಿನ ವರ್ಷಗಳಿಗೆ ಪೂರ್ತಿ ದರ, ಬಿಸ್ಕತ್ತು ಕೇಕಿಗೆ ಆಗ ಶೇ 18, ಅದರ ಮೇಲೆ ಬಡ್ಡಿ, ದಂಡ. ಸಣ್ಣ ಅಂಗಡಿಗಳಿಗೆ ಲಕ್ಷಗಟ್ಟಲೆ ಬಾಕಿ ಹುಟ್ಟಿದ್ದು ಹೀಗೆ. ನಮ್ಮ ಅಂಗಡಿಯವರಿಗೆ ಅದೇ ತಿಂಗಳು ಕಾಂಪೊಸಿಷನ್ ನೋಂದಣಿ ಮಾಡಿಸಿದೆ. ಸ್ಕ್ಯಾನರ್ ಕೀಳಬೇಡಿ ಎಂದೂ ಹೇಳಿದೆ. ನಗದಿಗೆ ಮರಳಿದರೆ ತೆರಿಗೆ ತಪ್ಪುತ್ತದೆ ಅನ್ನುವುದು ಭ್ರಮೆ. ಕಾಯ್ದೆ ಕೇಳುವುದು ಎಷ್ಟು ಮಾರಿದಿರಿ ಎಂದು, ಯಾವುದರಲ್ಲಿ ದುಡ್ಡು ಇಸಿದುಕೊಂಡಿರಿ ಎಂದಲ್ಲ.

ಆ ಕಟ್ಟಿನಲ್ಲಿ ಇನ್ನೂ ಒಂದಿತ್ತು. ಪ್ರತಿ ಸಾಲಿನ ಎದುರು ಗಿರಾಕಿಯ ಹೆಸರು. ಎಷ್ಟೋ ಸಾಲುಗಳಲ್ಲಿ ಯುಪಿಐ ಐಡಿ ಎಂದರೆ ಹತ್ತಂಕಿಯ ಮೊಬೈಲ್ ನಂಬರೇ. ಅಂಗಡಿಯವರು ಸಾಲಿನ ಮೇಲೆ ಬೆರಳಿಟ್ಟು ಸಲೀಸಾಗಿ ಹೇಳುತ್ತ ಹೋದರು. ‘ಇವ್ರು ನೈಟ್ ಶಿಫ್ಟ್ ಮುಗ್ಸಿ ಬರೋ ನರ್ಸಮ್ಮ. ಇವ್ನು ಮೇಷ್ಟ್ರ ಮಗ, ಸಾಯಂಕಾಲ ಒಂದೇ ಒಂದು ಸಿಗರೇಟು, ದಿನಾ. ಅವ್ರಪ್ಪಂಗೆ ಗೊತ್ತಿಲ್ಲ.’ ನಾನು ಹಾಳೆ ಮಗುಚಿದೆ. ಅದು ನನಗೆ ಬೇಕಾದ ವಿಷಯವಾಗಿರಲಿಲ್ಲ. ಆದರೆ ನನ್ನ ಕಣ್ಣಿಗೆ ಬಿತ್ತಲ್ಲ! ಒಂದು ಕಾಂಡಿಮೆಂಟ್ಸ್ ಅಂಗಡಿಯ ಪುಸ್ತಕದಲ್ಲೇ ಒಂದು ಬೀದಿಯ ದಿನಚರಿ ಇದ್ದರೆ, ಔಷಧಿ ಅಂಗಡಿಯದು, ರಕ್ತಪರೀಕ್ಷೆಯ ಲ್ಯಾಬಿನದು, ಬಾರಿನದು ಹೇಗಿದ್ದೀತು? ನಿನ್ನ ನಂಬರನ್ನು ಯಾರಿಗೂ ಕೊಡಬೇಡ ಎಂದು ಮಗಳಿಗೆ ಬುದ್ಧಿ ಹೇಳುವ ತಾಯಿ ಅದೇ ಮಗಳ ಕೈಲಿ ಆಟೊದವರಿಗೆ, ಪಾನಿಪುರಿಯವರಿಗೆ ಫೋನ್‌ಪೇ ಮಾಡಿಸುತ್ತಾಳೆ, ಹೆಸರು ನಂಬರು ಎರಡೂ ಅತ್ತ ಹೋಗುತ್ತವೆ. ನಂಬರಿಲ್ಲದ ಐಡಿ ಇಟ್ಟುಕೊಳ್ಳಲು ಈಗ ಆ್ಯಪ್‌ಗಳಲ್ಲಿ ದಾರಿಯಿದೆ. ನಮ್ಮಲ್ಲಿ ಎಷ್ಟು ಮಂದಿ ಹುಡುಕಿ ಬದಲಾಯಿಸಿದ್ದೇವೆ?

ಸರಿ, ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಬರುತ್ತೇನೆ. ಜಿಎಸ್‌ಟಿ ಕಾಯ್ದೆಯ 67ನೇ ಕಲಮು ನನ್ನಂಥವರಿಗೆ ಬಾಯಿಪಾಠ. ಅಧಿಕಾರಿ ಅಂಗಡಿಗೆ ಬಂದು ತಪಾಸಣೆ ಮಾಡಬೇಕಾದರೆ ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನಂಬಲು ಕಾರಣವಿದೆ ಎಂದು ಮನಗಂಡು, ಲಿಖಿತ ಅಧಿಕಾರ ಕೊಡಬೇಕು. ಶೋಧ ನಡೆಸಿದರೆ ಸಾಕ್ಷಿಗಳ ಎದುರು ಪಂಚನಾಮೆ ಆಗಬೇಕು. ಪುಸ್ತಕ ವಶಕ್ಕೆ ತೆಗೆದುಕೊಂಡರೆ ಅದರ ನಕಲು ಮಾಡಿಕೊಳ್ಳುವ ಹಕ್ಕು ಅಂಗಡಿಯವರಿಗಿದೆ. ಇಲಾಖೆ ತನ್ನ ನೋಟಿಸಿಗೆ ಬಳಸದ ಪುಸ್ತಕವನ್ನು, ನೋಟಿಸು ಕೊಟ್ಟ 30 ದಿನದೊಳಗೆ ಹಿಂದಿರುಗಿಸಬೇಕು. ಈ ಕಟ್ಟುಪಾಡುಗಳೆಲ್ಲ ಸುಮ್ಮನೆ ಬಂದದ್ದಲ್ಲ. ಇನ್‌ಸ್ಪೆಕ್ಟರ್ ರಾಜ್ಯದ ಕಾಟ ಉಂಡು, ಕೋರ್ಟುಗಳ ಮೆಟ್ಟಿಲು ಹತ್ತಿ, ದಶಕಗಳಲ್ಲಿ ಕಟ್ಟಿಕೊಂಡದ್ದು. ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್ ಎಳೆಯಲು ಇಷ್ಟೆಲ್ಲ ಬೇಕು.

ಅದೇ ಲೆಕ್ಕ ಫೋನಿನಲ್ಲಿದ್ದರೆ? ಅದಕ್ಕೆ 151ನೇ ಕಲಮಿದೆ. ಕಾಯ್ದೆಗೆ ಸಂಬಂಧಪಟ್ಟ ಯಾವುದೇ ವಿಷಯದ ಮಾಹಿತಿ ಕೊಡಿ ಎಂದು ಆಯುಕ್ತರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಯಾರಿಗೆ ಬೇಕಾದರೂ ಆದೇಶ ಮಾಡಬಹುದು. ಬ್ಯಾಂಕಿರಲಿ, ಆ್ಯಪ್ ಕಂಪನಿಯಿರಲಿ, ಯಾರಿಗಾದರೂ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಕಲಮು ಇದ್ದದ್ದು ಅಂಕಿಅಂಶ ಸಂಗ್ರಹಕ್ಕೆ. 2021ರ ಹಣಕಾಸು ಕಾಯ್ದೆ ಅದನ್ನು ಬದಲಿಸಿತು. ಅದರ ಬೆನ್ನಿಗೇ ಇರುವ 152ನೇ ಕಲಮನ್ನೂ ಬಿಡಲಿಲ್ಲ. ಹೀಗೆ ಪಡೆದ ಮಾಹಿತಿಯನ್ನು ಸಂಬಂಧಪಟ್ಟವರ ಮೇಲಿನ ಕ್ರಮಕ್ಕೆ ಬಳಸುವಂತೆಯೇ ಇಲ್ಲ ಎಂದು ಮೊದಲಿತ್ತು. ಈಗ, ಅವರ ಮಾತು ಹೇಳಿಕೊಳ್ಳಲು ಅವಕಾಶ ಕೊಟ್ಟರೆ ಸಾಕು. ನಿಷೇಧ ಹೋಗಿ ಅಹವಾಲು ಬಂತು. ಸಂಸತ್ತಿನಲ್ಲಿ ಇದರ ಬಗ್ಗೆ ಯಾರಾದರೂ ಮೇಜು ಕುಟ್ಟಿದ್ದು ನನಗೆ ನೆನಪಿಲ್ಲ, ನನ್ನ ವೃತ್ತಿಯವರೂ ತಿದ್ದುಪಡಿ ಪಟ್ಟಿಯಲ್ಲಿ ಟಿಕ್ ಹಾಕಿ ಮುಂದೆ ಹೋದರು.

ಹಾಗೆಂದು ಇಲಾಖೆಗೆ ಮಾಹಿತಿ ಕೇಳುವ ಅಧಿಕಾರವೇ ಇರಬಾರದು ಎನ್ನುತ್ತಿಲ್ಲ. ಕೋಟಿಗಟ್ಟಲೆ ಸ್ಕ್ಯಾನರಿನಲ್ಲಿ ತೆಗೆದುಕೊಂಡು ಸೊನ್ನೆ ತೋರಿಸುವ ಮಹಾನುಭಾವರನ್ನು ನಾನೇ ಕಂಡಿದ್ದೇನೆ, ಅವರ ಪಕ್ಕದ ಅಂಗಡಿಯಲ್ಲಿ ನಿಯತ್ತಾಗಿ ತೆರಿಗೆ ಕಟ್ಟುವವರ ಹೊಟ್ಟೆ ಉರಿಯುವುದನ್ನೂ ಕಂಡಿದ್ದೇನೆ. ನನ್ನ ತಕರಾರು ಬೇರೆ. ಮಿತಿ ದಾಟಿದ್ದಾರೋ ಇಲ್ಲವೋ ತಿಳಿಯಲು ಬೇಕಾದದ್ದು ವರ್ಷದ ಒಟ್ಟು ಮೊತ್ತ, ಗಿರಾಕಿಯ ಹೆಸರಲ್ಲ. ಒಟ್ಟು ಮೊತ್ತವನ್ನಷ್ಟೇ ಕೇಳಿ ಎಂಬ ಗೆರೆಯನ್ನು ಕಲಮು ಎಳೆದಿಲ್ಲ. ಕೇಳಿದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಬಳಸದ್ದನ್ನು ಯಾವಾಗ ಅಳಿಸಬೇಕು, ಈ ಯಾವುದಕ್ಕೂ 30 ದಿನದಂಥ ಗಡುವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕ ಹೋಯಿತು ಎಂದು ಲೆಕ್ಕದ ಒಡೆಯರಿಗೆ ಯಾರೂ ಹೇಳಬೇಕಿಲ್ಲ. ಹತ್ತು ರೂಪಾಯಿ ಕಡ್ಲೆಕಾಯಿಗೆ ಹೋದರೂ ಮೊಬೈಲ್ ಟಣ್ ಎನ್ನುತ್ತದೆ. ನಾಲ್ಕು ವರ್ಷದ ವಹಿವಾಟು ಪೂರ್ತಿ ಇನ್ನೊಬ್ಬರ ಕಂಪ್ಯೂಟರಿಗೆ ಹೋದರೂ ಅದಕ್ಕೆ ಸದ್ದಿಲ್ಲ.

ಕಾನೂನು ಬಲ್ಲವರು ಇದಕ್ಕೆ ಹಳೆಯ ಉತ್ತರವೊಂದನ್ನು ಕೊಡುತ್ತಾರೆ. ನೀವು ನಿಮ್ಮ ಲೆಕ್ಕವನ್ನು ಬ್ಯಾಂಕಿಗೆ ಕೊಟ್ಟಾಗಲೇ ಅದು ನಿಮ್ಮ ಕೈಬಿಟ್ಟಿತು, ಇನ್ನು ಗುಟ್ಟೆಲ್ಲಿಯದು ಎಂದು. ಸುಪ್ರೀಂ ಕೋರ್ಟು ಇದನ್ನು 2004ರಲ್ಲೇ ಒಪ್ಪಲಿಲ್ಲ. ಆಗಿನ ಆಂಧ್ರಪ್ರದೇಶದಲ್ಲಿ ಸ್ಟ್ಯಾಂಪ್ ಶುಲ್ಕದ ನೆಪದಲ್ಲಿ ಕಂದಾಯ ಅಧಿಕಾರಿಗಳು, ಅವರು ಅಧಿಕಾರ ಕೊಟ್ಟ ಯಾರೇ ಆದರೂ, ಬ್ಯಾಂಕಿಗೆ ನುಗ್ಗಿ ಗ್ರಾಹಕರ ಕಾಗದಪತ್ರ ನೋಡಬಹುದೆಂದು ಕಾನೂನಿತ್ತು. ಅದರ ವಿರುದ್ಧ ನಿಂತದ್ದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು. ಕಾಗದ ಬ್ಯಾಂಕಿನ ಕಪಾಟಿನಲ್ಲಿದ್ದರೂ ಅದರ ಮೇಲಿನ ಖಾಸಗಿತನ ಗ್ರಾಹಕನದೇ, ಖಾಸಗಿತನ ಇರುವುದು ಮನುಷ್ಯನಿಗೆ, ಜಾಗಕ್ಕಲ್ಲ ಎನ್ನುವುದು ಅಂದಿನ ತೀರ್ಪಿನ ತಿರುಳು. ಆಮೇಲೆ ಬಂದ ದೊಡ್ಡ ತೀರ್ಪೂ ಕನ್ನಡ ನೆಲದ ಹೆಸರು ಹೊತ್ತಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಅದೇ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸರ್ಕಾರ ಅದರೊಳಗೆ ಕೈ ಹಾಕಬಹುದು, ಆದರೆ ಅದಕ್ಕೊಂದು ಕಾನೂನಿರಬೇಕು, ಸರಿಯಾದ ಉದ್ದೇಶವಿರಬೇಕು, ಹಾಕಿದ ಕೈ ಉದ್ದೇಶಕ್ಕೆ ಬೇಕಾದಷ್ಟೇ ಉದ್ದವಿರಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಅವರ ಹೆಸರು ದೇಶದ ಲಾ ಕಾಲೇಜುಗಳಲ್ಲಿ ದಿನಾ ಕೇಳುತ್ತದೆ, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕೇಳಿದ್ದು ನನಗಂತೂ ನೆನಪಿಲ್ಲ.

2025ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಿಂದಲೇ ಇನ್ನೊಂದು ತೀರ್ಪು ಬಂತು. ಆನ್‌ಲೈನ್ ಬೆಟ್ಟಿಂಗ್ ಪ್ರಕರಣದಲ್ಲಿ ಪೊಲೀಸರು ವಹಿವಾಟಿನ ಮಾಹಿತಿ ಕೇಳಿ ಫೋನ್‌ಪೇಗೆ ನೋಟಿಸು ಕೊಟ್ಟಿದ್ದರು. ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯಡಿ ಮಾಹಿತಿ ಗುಟ್ಟಾಗಿಡುವುದು ತಮ್ಮ ಕರ್ತವ್ಯ ಎಂದು ಕಂಪನಿ ವಾದಿಸಿತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿ ವಜಾ ಮಾಡಿದರು. ಗ್ರಾಹಕರ ಖಾಸಗಿತನ ಮುಖ್ಯ ನಿಜ, ಆದರೆ ಅದು ಕಾನೂನುಬದ್ಧ ತನಿಖೆಗೆ ಅಡ್ಡ ನಿಲ್ಲಲಾಗದು ಎಂಬುದು ಆದೇಶದ ಸಾರ. ಅಪರಾಧದ ತನಿಖೆಯ ಮಟ್ಟಿಗೆ ಅದು ಸರಿಯೆಂದೇ ನನ್ನ ಅಭಿಪ್ರಾಯ. ಗಮನಿಸಬೇಕಾದದ್ದು ಬೇರೆ. ಆ ಮೊಕದ್ದಮೆಯಲ್ಲಿ ಒಂದು ಕಡೆ ಪೊಲೀಸರಿದ್ದರು, ಇನ್ನೊಂದು ಕಡೆ ಕಂಪನಿಯಿತ್ತು. ಯಾರ ಮಾಹಿತಿಯೋ ಅವರು ಎರಡೂ ಕಡೆ ಇರಲಿಲ್ಲ. ಅಂದು ಕಂಪನಿ ತಕರಾರು ತೆಗೆದಿದ್ದರಿಂದ ವಿಷಯ ಕೋರ್ಟಿಗಾದರೂ ಬಂತು. ತೆಗೆಯದೆ ಕೊಟ್ಟುಬಿಟ್ಟರೆ ನಮಗೆ ಗೊತ್ತಾಗುವುದು ಹೇಗೆ?

ಕಂಪನಿಗಳನ್ನು ನಾನು ಇಲ್ಲಿ ಪುಣ್ಯಾತ್ಮರ ಸಾಲಿಗೆ ಸೇರಿಸುತ್ತಿಲ್ಲ. ದೇಶದ ಯುಪಿಐ ವಹಿವಾಟಿನಲ್ಲಿ ಸುಮಾರು ಶೇ 80ರಷ್ಟು ಎರಡೇ ಆ್ಯಪ್‌ಗಳ ಮೂಲಕ ಹೋಗುತ್ತದೆ, ಬೆಂಗಳೂರಿನ ಫೋನ್‌ಪೇ ಮತ್ತು ಗೂಗಲ್ ಪೇ. ಯಾವ ಆ್ಯಪ್ಪೂ ಶೇ 30 ಮೀರಬಾರದೆಂದು ಯುಪಿಐ ನಡೆಸುವ ಎನ್‌ಪಿಸಿಐ 2020ರಲ್ಲೇ ಹೇಳಿತು. ಗಡುವು 2022 ಎಂದಾಯಿತು, 2024 ಎಂದಾಯಿತು, ಈಗ 2026ರ ಡಿಸೆಂಬರ್ ಎಂದಾಗಿದೆ. 2025ರ ಆಗಸ್ಟಿನಲ್ಲಿ ತಿಂಗಳೊಂದರ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ ಎಂದು 2020ರ ಜನವರಿಯಿಂದ ನಿಯಮ. ಹಾಗಾದರೆ ಇವರ ಸಂಪಾದನೆ ಯಾವುದರಲ್ಲಿ? ಮಾತಾಡುವ ಸೌಂಡ್‌ಬಾಕ್ಸಿನ ಬಾಡಿಗೆ ಇದೆ, ಜಾಹೀರಾತು ಇದೆ, ವಿಮೆ ಇದೆ, ಎಲ್ಲಕ್ಕಿಂತ ಮೇಲೆ ಸಾಲ ಇದೆ. ಕಾಂಡಿಮೆಂಟ್ಸ್ ಅಂಗಡಿಯವರ ಫೋನಿಗೆ ಎರಡು ಲಕ್ಷ ಸಾಲ ರೆಡಿಯಿದೆ ಎಂಬ ಸಂದೇಶ ಬರುವುದು ಅವರ ಮುಖ ನೋಡಿ ಅಲ್ಲ, ಆ ಕಟ್ಟು ಕಾಗದ ನೋಡಿ. ಈ ಆ್ಯಪ್‌ಗಳ ಮೇಲೆ ಯುಪಿಐ ಮಟ್ಟಿಗೆ ಕಣ್ಣಿಡುವ ಕೆಲಸ ಮೊದಲು ಬೀಳುವುದು ಎನ್‌ಪಿಸಿಐ ಮೇಲೆ. ಅದೋ ಬ್ಯಾಂಕುಗಳೇ ಪಾಲುದಾರರಾಗಿರುವ ಕಂಪನಿ. ಅದರ ಮೇಲೆ ರಿಸರ್ವ್ ಬ್ಯಾಂಕು.

ರಿಸರ್ವ್ ಬ್ಯಾಂಕು ಕೈಕಟ್ಟಿ ಕೂತಿದೆ ಎಂದರೆ ಅನ್ಯಾಯವಾದೀತು. ಪಾವತಿಯ ಮಾಹಿತಿ ದೇಶದೊಳಗೇ ಇರಬೇಕೆಂದು 2018ರ ಏಪ್ರಿಲ್‌ನಲ್ಲಿ ಹೇಳಿ, ವಿದೇಶಿ ಕಂಪನಿಗಳ ಗೊಣಗಾಟಕ್ಕೆ ಬಗ್ಗಲಿಲ್ಲ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟು, ಕರೆಪಟ್ಟಿ, ಫೋಟೊಗಳಿಗೆ ಕೈ ಹಾಕಬಾರದೆಂದು 2022ರ ಸೆಪ್ಟೆಂಬರಿನಲ್ಲಿ ಕಟ್ಟುನಿಟ್ಟು ಮಾಡಿತು. ಸಾಲ ಕಟ್ಟದವರ ಫೋಟೊವನ್ನು ಅವರ ನೆಂಟರಿಷ್ಟರಿಗೆಲ್ಲ ಕಳಿಸಿ ಮಾನ ತೆಗೆಯುತ್ತಿದ್ದ ಕಾಲ ಅದು. ಅಕೌಂಟ್ ಅಗ್ರಿಗೇಟರ್ ಎಂಬ ಏರ್ಪಾಡನ್ನೂ ಅದೇ ತಂದಿತು. ನಿಮ್ಮ ಖಾತೆಯ ವಿವರ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ, ಏನು ಹೋಗುತ್ತದೆ, ಯಾರಿಗೆ, ಯಾಕೆ, ಎಷ್ಟು ದಿನಕ್ಕೆ ಎಂದು ಬಿಡಿಸಿ ಕೇಳಿ ನಿಮ್ಮ ಒಪ್ಪಿಗೆ ಪಡೆಯಬೇಕು, ಬೇಡವೆನಿಸಿದರೆ ಒಪ್ಪಿಗೆ ವಾಪಸು ತೆಗೆದುಕೊಳ್ಳಬಹುದು. ಅಂದರೆ ಒಂದು ಲಕ್ಷ ಸಾಲ ಕೊಡುವ ಬ್ಯಾಂಕಿಗೆ ನನ್ನ ಪುಸ್ತಕ ನೋಡಲು ಇಷ್ಟೆಲ್ಲ ಶಿಸ್ತು. ಈ ಶಿಸ್ತಿನಲ್ಲಿ ಅರ್ಧವಾದರೂ ಸರ್ಕಾರಿ ಕಚೇರಿಗೆ ಯಾಕಿಲ್ಲ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆಯಲ್ಲ ಎನ್ನುವವರಿಗೆ ಆ ಕಾಯ್ದೆಯನ್ನೇ ಓದಲು ಹೇಳುತ್ತೇನೆ. 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ. ಒಳ್ಳೆಯದಿಲ್ಲ ಎಂದಲ್ಲ. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗಿದೆ, ಎಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಇನ್ನು ಹಕ್ಕು. ನನ್ನ ಮಾಹಿತಿಯನ್ನು ಯಾರ್‍ಯಾರಿಗೆ ಕೊಟ್ಟಿದ್ದೀರಿ ಎಂದು ಕಂಪನಿಯನ್ನು ಕೇಳುವ ಹಕ್ಕೂ ಇದೆ. ಆದರೆ ಅದೇ ಕಲಮಿನ ಬಾಲದಲ್ಲಿ, ಅಪರಾಧ ಇಲ್ಲವೇ ಸೈಬರ್ ದಾಳಿಯ ತನಿಖೆಗೆಂದು ಲಿಖಿತವಾಗಿ ಕೇಳಿದವರಿಗೆ ಕೊಟ್ಟಿದ್ದರೆ ಆ ಹೆಸರು ಹೇಳಬೇಕಿಲ್ಲ ಎಂದಿದೆ. 17ನೇ ಕಲಮಿನಡಿ ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಯನ್ನಾದರೂ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಕ್ಕೆ, ಕಾಯ್ದೆಯಿಂದಲೇ ಹೊರಗಿಡಬಹುದು. ಅಂಗಡಿಗೊಂದು ನ್ಯಾಯ, ಅರಮನೆಗೊಂದು ನ್ಯಾಯ.

ಹೇಳದೆ ಕೈ ಹಾಕುವುದರ ಕಷ್ಟ ಬರೀ ತೆರಿಗೆಯದಲ್ಲ. ನನ್ನ ಬಳಿ ಲೆಕ್ಕಕ್ಕೆ ಬರುವ ಹೂವಿನ ವ್ಯಾಪಾರದ ಅಮ್ಮ ಒಬ್ಬರಿದ್ದಾರೆ. ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಕಟ್ಟು ಹೂ ತೆಗೆದುಕೊಂಡು ದುಡ್ಡು ಕಳಿಸಲು ಹೋದರೆ ಖಾತೆ ಫ್ರೀಜ್. ಯಾರಿಗೋ ಮೋಸವಾಗಿ, ಅವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕದ್ದ ಹಣ ಖಾತೆಯಿಂದ ಖಾತೆಗೆ ಹಾರಿ, ಅದರಲ್ಲೊಂದು ಚೂರು ಇವರ ಹಾರದ ಅಂಗಡಿಯ ಸ್ಕ್ಯಾನರಿಗೆ ಬಿದ್ದಿತ್ತು. ಬಂದದ್ದು ಒಂದು ಹಾರದ ದುಡ್ಡು, ನಿಂತದ್ದು ಇಡೀ ಖಾತೆ. ಬ್ಯಾಂಕಿನಲ್ಲಿ ‘ಹೊರರಾಜ್ಯದ ಠಾಣೆಯಿಂದ ಬಂದಿದೆಯಮ್ಮ, ಅಲ್ಲೇ ವಿಚಾರಿಸಿ’ ಎಂದರು. ಹಿಂದಿ ಬಾರದ, ತುಮಕೂರು ದಾಟದ ಹೆಂಗಸು ಯಾವ ಠಾಣೆಗೆ ಹೋಗಿ ಏನು ವಿಚಾರಿಸಬೇಕು? ಹೀಗೆ ಜಪ್ತಿ ಮಾಡಿದ ಪೊಲೀಸರು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮು ಹೇಳುತ್ತದೆ. ಖಾತೆಯವರಿಗೂ ಒಂದು ಮಾತು ಹೇಳಿ ಎನ್ನುವುದು ಅದರಲ್ಲಿಲ್ಲ. ಬೇರೆಯವರ ಕಳ್ಳತನದ ಹಣ ಹುಡುಕುವುದು ಬೇಕು, ಖಂಡಿತ ಬೇಕು. ಆ ಒಂದು ಹಾರದ ದುಡ್ಡನ್ನು ಹಿಡಿದು ಉಳಿದದ್ದನ್ನು ಬಿಟ್ಟರೆ ಕಳ್ಳ ಸಿಗದೆ ಹೋಗುತ್ತಾನೆಯೇ?

ತಪ್ಪು ಮಾಡದವರಿಗೆ ಭಯವೇಕೆ ಎಂಬ ಪ್ರಶ್ನೆಯನ್ನು ಆ ಜುಲೈನಲ್ಲಿ ಟಿವಿಯಲ್ಲಿ ಕೂತ ಹಿರಿಯರು ಬಹಳ ಸಲ ಕೇಳಿದರು. ಭಯ ಪಟ್ಟವರಲ್ಲಿ ತಪ್ಪು ಮಾಡದವರೇ ಹೆಚ್ಚಿದ್ದರು ಎಂದು ನನ್ನ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ. ಅವರು ಹೆದರಿದ್ದು ತೆರಿಗೆಗಲ್ಲ. ಯಾರು ನೋಡುತ್ತಿದ್ದಾರೆ, ಏನು ನೋಡುತ್ತಿದ್ದಾರೆ, ಯಾವಾಗ ಏನು ಬಂದು ಬಾಗಿಲು ತಟ್ಟುತ್ತದೆ ಎಂದು ತಿಳಿಯದ್ದಕ್ಕೆ. ಸ್ಕ್ಯಾನರ್ ಬಚ್ಚಿಟ್ಟರು, ನಗದಿಗೆ ಹೋದರು. ವ್ಯಾಪಾರವನ್ನು ಬೆಳಕಿಗೆ ತರಬೇಕೆಂದು ಹೊರಟ ಇಲಾಖೆ ಒಂದಿಷ್ಟು ಕಾಲ ಅದನ್ನು ಕತ್ತಲಿಗೇ ತಳ್ಳಿತು. ಇಲಾಖೆಗೂ ಇದರಿಂದ ಲಾಭವಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಬ್ಯಾಂಕಿನಿಂದಲೋ ಆ್ಯಪ್‌ನಿಂದಲೋ ಯಾರ ಲೆಕ್ಕ ತರಿಸಿಕೊಂಡರೂ ಅವರ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಲಿ: ಇಂಥ ಇಲಾಖೆ, ಇಂಥ ಕಲಮಿನಡಿ, ಇಂಥ ಅವಧಿಯ ಮೊತ್ತ ಪಡೆದಿದೆ. ತನಿಖೆ ಕೆಡುತ್ತದೆ ಎನ್ನುವ ಕ್ರಿಮಿನಲ್ ಪ್ರಕರಣವಾದರೆ ತಡವಾಗಿ ಹೋಗಲಿ, ಆದರೆ ಹೋಗಲಿ. ಮಿತಿ ದಾಟಿದೆಯೇ ಎಂದು ನೋಡಲು ಒಟ್ಟು ಮೊತ್ತ ಕೇಳಿ, ಗಿರಾಕಿಗಳ ಹೆಸರು ಮುಟ್ಟಬೇಡಿ. ನೋಟಿಸು ಕೊಡುವಾಗ ಯಾವ ಲೆಕ್ಕದ ಮೇಲೆ ಕೊಟ್ಟಿರೋ ಆ ಲೆಕ್ಕವನ್ನೇ ಜೊತೆಗಿಡಿ, ಚೀಟಿ ಯಾವುದು, ಕೈಸಾಲ ಯಾವುದು, ಹಾಲು ಯಾವುದು ಎಂದು ಅಂಗಡಿಯವರು ಗುರುತು ಹಾಕಿಕೊಡಲಿ. 67ನೇ ಕಲಮು ಕಾಗದದ ಪುಸ್ತಕಕ್ಕೆ ಹಾಕಿದ ಗಡುವು ಕಂಪ್ಯೂಟರಿನ ಪುಸ್ತಕಕ್ಕೂ ಇರಲಿ, ಬಳಸದ್ದನ್ನು ಅಳಿಸಿ. ವರ್ಷಕ್ಕೊಮ್ಮೆ, ಎಷ್ಟು ಜನರ ಪಾವತಿ ಲೆಕ್ಕ ತರಿಸಿಕೊಂಡಿರಿ, ಅದರಲ್ಲಿ ಎಷ್ಟು ಮಂದಿಗೆ ನೋಟಿಸು ಕೊಟ್ಟಿರಿ, ಎಷ್ಟು ನಿಂತವು ಎಂಬುದನ್ನು ವಿಧಾನಸಭೆಯ ಮುಂದಿಡಿ. ಸದಸ್ಯರು ಓದುತ್ತಾರೋ ಬಿಡುತ್ತಾರೋ, ಪತ್ರಕರ್ತರಾದರೂ ಓದುತ್ತಾರೆ.

ಇದಕ್ಕೆಲ್ಲ ದೆಹಲಿಯನ್ನೂ ಕಾಯಬೇಕಿಲ್ಲ, 2027ರ ಮೇ ತಿಂಗಳನ್ನೂ ಕಾಯಬೇಕಿಲ್ಲ. ಕೊನೆಯದೊಂದನ್ನು ಬಿಟ್ಟು ಉಳಿದದ್ದಕ್ಕೆ, ಎಷ್ಟು ಕೇಳಬೇಕು, ಹೇಗೆ ಕೇಳಬೇಕು, ಯಾರಿಗೆ ತಿಳಿಸಬೇಕು ಎಂದು ತಮ್ಮ ಅಧಿಕಾರಿಗಳಿಗೆ ಹೇಳಲು ರಾಜ್ಯದ ವಾಣಿಜ್ಯ ತೆರಿಗೆ ಆಯುಕ್ತರ ಒಂದು ಸುತ್ತೋಲೆ ಸಾಕು. ಎರಡು ಪುಟದಲ್ಲಿ ಮುಗಿಯುತ್ತದೆ. ಕರಡು ಬರೆಯುವವರು ಬೇಕಿದ್ದರೆ, ನಮ್ಮ ಜಿಲ್ಲೆಯ ತೆರಿಗೆ ಸಲಹೆಗಾರರೆಲ್ಲ ಸೇರಿ ಒಂದು ಭಾನುವಾರ ಕೂತು ಬರೆದುಕೊಡುತ್ತೇವೆ, ಫೀಸು ಬೇಡ.